ಮೀಸಲು ಕ್ಷೇತ್ರದ ಪಕ್ಷೇತರ ಯಾರ ಪಕ್ಷ?



ಪಕ್ಷೇತರ ಎಂಬ ಮಾತು ಕಿವಿಗೆ ಬಿದ್ದರೆ ನಮ್ಮ ಹಾಸ್ಟೆಲ್ ಹುಡುಗರಿಗೆ ಏನೋ ಒಂದು ಹುರುಪು. ಹೈಕಮಾಂಡಿಗೆ ಸಲಾಂ ಹೊಡೆಯದವನು, ಬಿ ಫಾರಂಗಾಗಿ ಯಾರ ಮನೆ ಬಾಗಿಲೂ ಕಾಯದವನು, ಎದೆ ಸೆಟೆಸಿ ಮಾತಾಡುವವನು ಅಂತ. ನಮಗೂ ಒಂದು ಕಾಲಕ್ಕೆ ಹಾಗೇ ಅನ್ನಿಸುತ್ತಿತ್ತು. ಪಕ್ಷಗಳೆಲ್ಲ ನಮ್ಮ ಕೇರಿಗೆ ಓಟಿನ ಹಿಂದಿನ ರಾತ್ರಿ ಬಂದು ಬೆಳಗಾಗುವುದರೊಳಗೆ ಮಾಯವಾಗುವುದನ್ನು ನೋಡಿ ನೋಡಿ ಸಾಕಾದವರಿಗೆ ಹಾಗನ್ನಿಸುವುದು ಸಹಜ. ಆದರೆ ಗೆದ್ದ ಪಕ್ಷೇತರ ಐದು ವರ್ಷ ಕಳೆದು ಮತ್ತೆ ಓಟು ಕೇಳೋಕೆ ಬಂದಾಗ ಏನಾಗುತ್ತೆ? ಅಲ್ಲಿ ಬಣ್ಣ ಗೊತ್ತಾಗುತ್ತೆ. ಅದಕ್ಕೇ ಇದನ್ನು ಬರೆಯುತ್ತಿದ್ದೇವೆ.

2019ರ ಲೋಕಸಭೆ ಚುನಾವಣೆಯಲ್ಲಿ ಇಡೀ ದೇಶದಲ್ಲಿ ಗೆದ್ದ ಪಕ್ಷೇತರರು ನಾಲ್ಕೇ ಜನ. ನಮ್ಮವರಿಗೆ ಗೊತ್ತಿರುವುದು ಮಂಡ್ಯ ಒಂದೇ. ಅಲ್ಲಿ ಸುಮಲತಾ ಅವರು 1,25,876 ಓಟಿನಿಂದ ಗೆದ್ದರು. ಹಿಂದೆ ಭಾಜಪದ ಬೆಂಬಲವಿತ್ತು. 2024ರಲ್ಲಿ ಆ ಸೀಟು ಮೈತ್ರಿಯ ಲೆಕ್ಕದಲ್ಲಿ ಜನತಾದಳಕ್ಕೆ ಹೋಯಿತು, ಅವರು ನಿಲ್ಲಲೇ ಇಲ್ಲ, ಭಾಜಪ ಸೇರಿದರು. ಅದು ಸಾಮಾನ್ಯ ಕ್ಷೇತ್ರ, ಅವರವರ ಮನೆಯ ಲೆಕ್ಕ, ಬಿಡಿ.

ಉಳಿದ ಮೂರನ್ನು ನೋಡಿ. ಅಸ್ಸಾಮಿನ ಕೋಕ್ರಜಾರ್, ಮಹಾರಾಷ್ಟ್ರದ ಅಮರಾವತಿ, ದಾದ್ರಾ ಮತ್ತು ನಗರ ಹವೇಲಿ. ಮೂರೂ ಮೀಸಲು ಕ್ಷೇತ್ರಗಳು! ಒಂದು ಪರಿಶಿಷ್ಟ ಜಾತಿಗೆ, ಎರಡು ಪರಿಶಿಷ್ಟ ಪಂಗಡಕ್ಕೆ. ಇದನ್ನು ಯಾವ ಪತ್ರಿಕೆಯವರೂ ಎತ್ತಿ ಆಡಿದ್ದು ನಮ್ಮ ಕಣ್ಣಿಗೆ ಬೀಳಲಿಲ್ಲ. ಅವರಲ್ಲಿ ಒಬ್ಬರೂ 2024ರಲ್ಲಿ ಪಕ್ಷೇತರರಾಗಿ ವಾಪಸ್ ಬರಲಿಲ್ಲ.

ದಾದ್ರಾ ನಗರ ಹವೇಲಿಯ ಮೋಹನ್ ದೇಲ್ಕರ್ ಆದಿವಾಸಿ ನಾಯಕರು, ಏಳು ಸಲ ಗೆದ್ದವರು. ಸ್ಥಳೀಯ ಆಡಳಿತ ತನ್ನನ್ನು ಅವಮಾನ ಮಾಡುತ್ತಿದೆ ಅಂತ 2020ರಲ್ಲಿ ಲೋಕಸಭೆಯಲ್ಲೇ ಎದ್ದು ನಿಂತು ಹೇಳಿದರು. 2021ರ ಫೆಬ್ರವರಿಯಲ್ಲಿ ಮುಂಬೈನ ಹೋಟೆಲೊಂದರಲ್ಲಿ ಅವರ ಹೆಣ ಸಿಕ್ಕಿತು. ಉಪಚುನಾವಣೆಯಲ್ಲಿ ಅವರ ಹೆಂಡತಿ ಕಲಾಬೆನ್ ಶಿವಸೇನೆಯ ಟಿಕೆಟ್ಟಿನಲ್ಲಿ ಗೆದ್ದರು, 2024ರಲ್ಲಿ ಭಾಜಪದಿಂದ ಗೆದ್ದರು. ಗಂಡ ಒಂಟಿಯಾಗಿ ಗೆದ್ದ ಜಾಗದಲ್ಲಿ ಹೆಂಡತಿಗೆ ಎರಡೂ ಸಲ ಪಕ್ಷದ ಆಸರೆ ಬೇಕಾಯಿತು. ಅವರನ್ನು ನಾವು ದೂರುವುದಿಲ್ಲ.

ಕೋಕ್ರಜಾರ್ ವಿಷಯಕ್ಕೆ ಸ್ವಲ್ಪ ನಿಧಾನವಾಗಿ ಬರೋಣ, ಯಾಕಂದ್ರೆ ಅಲ್ಲಿನದು ಸುಲಭದ ಕಥೆಯಲ್ಲ. ಅದು ಬೋಡೋ ನಾಡು. 2003ರ ಒಪ್ಪಂದದ ನಂತರ ಅಲ್ಲಿ ಆರನೇ ಅನುಸೂಚಿಯ ಪ್ರಕಾರ ಸ್ವಾಯತ್ತ ಮಂಡಳಿ ಬಂತು. 1996ರಿಂದ 2004ರವರೆಗೆ ಆ ಕ್ಷೇತ್ರ ಕಳಿಸಿದ್ದೆಲ್ಲ ಪಕ್ಷೇತರರನ್ನೇ. ಸಾನ್ಸುಮಾ ಖುಂಗುರ್ ಬಿಸ್ಮುತಿಯಾರಿ ಅನ್ನುವವರು 1998, 1999, 2004, ಮೂರು ಸಲ ಪಕ್ಷೇತರರಾಗಿಯೇ ಗೆದ್ದರು. ಅವರಿಗೆ ಪಕ್ಷವಿರಲಿಲ್ಲ, ಆದರೆ ಬೆನ್ನ ಹಿಂದೆ ಬೋಡೋ ಜನರ ಚಳವಳಿ ಇತ್ತು. ದಿಲ್ಲಿಯಲ್ಲಿ ನಿಂತು ಬೋಡೋಲ್ಯಾಂಡ್ ಕೊಡಿ ಅಂತ ಕೂಗುವುದು ಅವರ ಕೆಲಸವಾಗಿತ್ತು, ಕೂಗಿದರು. ಅವರು ಯಾರ ಆಳು ಅನ್ನುವುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ.

ಆದರೆ ಆ ನಾಡಿನಲ್ಲಿ ಪರಿಶಿಷ್ಟ ಪಂಗಡದವರು ಒಟ್ಟು ಜನಸಂಖ್ಯೆಯ ಮೂರನೇ ಒಂದು ಭಾಗದಷ್ಟು ಮಾತ್ರ. ಮಿಕ್ಕವರು ಕೋಚ್ ರಾಜಬಂಶಿಗಳು, ಬಂಗಾಳಿ ಮಾತಾಡುವ ಮುಸ್ಲಿಮರು, ಟೀ ತೋಟಗಳಿಗೆಂದು ಬ್ರಿಟಿಷರ ಕಾಲದಲ್ಲಿ ಸಾಗಿಸಿ ತಂದ ಸಂತಾಲರು, ಮುಂಡಾಗಳು, ಒರಾಂವರು. ಈ ಸಂತಾಲ ಜಾರ್ಖಂಡಿನಲ್ಲಿದ್ದರೆ ಪರಿಶಿಷ್ಟ ಪಂಗಡ. ಅಸ್ಸಾಮಿನಲ್ಲಿ ಆ ಪಟ್ಟಿ ಸೇರೋಕೆ ದಶಕಗಳಿಂದ ಹೋರಾಡುತ್ತ ಬಂದವನು. 2012ರಲ್ಲಿ ಅಲ್ಲಿ ಬೋಡೋಗಳಿಗೂ ಮುಸ್ಲಿಮರಿಗೂ ಗಲಭೆಯಾದಾಗ ಸುಮಾರು 4 ಲಕ್ಷ ಜನ ಮನೆ ಬಿಟ್ಟು ಶಿಬಿರ ಸೇರಿದರು. ಆ ಭಯದಲ್ಲೇ ಬೋಡೋ ಅಲ್ಲದವರೆಲ್ಲ ಒಟ್ಟಾಗಿ 2014ರಲ್ಲಿ ಒಬ್ಬನನ್ನು ನಿಲ್ಲಿಸಿದರು. ಉಲ್ಫಾ ಸಂಘಟನೆಯಲ್ಲಿ ಕಮಾಂಡರ್ ಆಗಿದ್ದ ನಬ ಕುಮಾರ್ ಸರಣಿಯಾ. ಪಕ್ಷೇತರ. ಗೆದ್ದದ್ದು 3,55,779 ಓಟಿನ ಅಂತರದಲ್ಲಿ! 2019ರಲ್ಲಿ ಮತ್ತೆ ನಿಂತರು, ಅಂತರ 37,786ಕ್ಕೆ ಇಳಿಯಿತು, ಆದರೂ ಗೆದ್ದರು. ಪಕ್ಷದ ಹಂಗಿಲ್ಲದೆ ಎರಡು ಸಲ ಲೋಕಸಭೆಗೆ ಹೋಗುವುದು ಈ ಕಾಲದಲ್ಲಿ ಸಣ್ಣ ಮಾತಲ್ಲ. ಮೂರನೇ ಸಲಕ್ಕೆ 2024ರಲ್ಲಿ ನಾಮಪತ್ರವೇ ತಿರಸ್ಕಾರವಾಯಿತು. ಇವರು ಪರಿಶಿಷ್ಟ ಪಂಗಡದವರಲ್ಲ ಎಂದು ರಾಜ್ಯಮಟ್ಟದ ಪರಿಶೀಲನಾ ಸಮಿತಿ ಆ ವರ್ಷದ ಜನವರಿಯಲ್ಲಿ ಹೇಳಿತ್ತು, ಏಪ್ರಿಲ್‌ನಲ್ಲಿ ಗುವಾಹಟಿ ಹೈಕೋರ್ಟ್ ಅವರ ಅರ್ಜಿಯನ್ನು ವಜಾ ಮಾಡಿತು.

ಹತ್ತು ವರ್ಷ! ಎರಡು ಪೂರ್ತಿ ಅವಧಿ ಆ ಮೀಸಲು ಕುರ್ಚಿಯಲ್ಲಿ ಕೂತು ಎದ್ದ ಮೇಲೆ ಇದು ನಿನ್ನ ಕುರ್ಚಿಯಲ್ಲ ಅಂದರು.

ಅಮರಾವತಿಯದು ಇನ್ನೊಂದು ಬಗೆ. ನವನೀತ್ ರಾಣಾ 2019ರಲ್ಲಿ ಕಾಂಗ್ರೆಸ್ ಮತ್ತು ರಾಷ್ಟ್ರವಾದಿ ಕಾಂಗ್ರೆಸ್ಸಿನ ಬೆಂಬಲದಿಂದ ಪಕ್ಷೇತರರಾಗಿ ಗೆದ್ದರು. ಆಮೇಲೆ ಆ ಬೆಂಬಲ ಕೊಟ್ಟವರ ಎದುರಾಳಿಗಳ ಪರ ನಿಂತರು. 2021ರ ಜೂನ್‌ನಲ್ಲಿ ಬಾಂಬೆ ಹೈಕೋರ್ಟ್ ಅವರ ಮೋಚಿ ಜಾತಿ ಪ್ರಮಾಣಪತ್ರವನ್ನು ರದ್ದು ಮಾಡಿ 2 ಲಕ್ಷ ದಂಡ ಹಾಕಿತು. ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಕೊನೆಗೆ 2024ರ ಏಪ್ರಿಲ್ 4ರಂದು ಹೈಕೋರ್ಟ್ ತೀರ್ಪನ್ನು ತೆಗೆದುಹಾಕಿ ಪ್ರಮಾಣಪತ್ರ ಸರಿ ಎಂದಿತು. ಕೋರ್ಟಿನ ಮಾತಿಗೆ ನಮ್ಮ ತಕರಾರಿಲ್ಲ. ಆದರೆ ಅಷ್ಟು ಹೊತ್ತಿಗೆ ಅವರ ಪೂರ್ತಿ ಅವಧಿ ಮುಗಿಯುತ್ತ ಬಂದಿತ್ತು, ಕೈಯಲ್ಲಿ ಭಾಜಪದ ಟಿಕೆಟ್ ಇತ್ತು. ಜನ 19,731 ಓಟಿನಿಂದ ಸೋಲಿಸಿ ಕಳಿಸಿದರು. ಗೆದ್ದದ್ದು ಕಾಂಗ್ರೆಸ್ಸಿನ ಬಳವಂತ ವಾಂಖೆಡೆ.

ಇದನ್ನು ಓದುವಾಗ ನಿಮಗೆ ನಿಮ್ಮದೇ ಒಂದು ಕಾಗದ ನೆನಪಾಗುತ್ತೆ, ಅಲ್ವಾ? ಅಪ್ಪನ ಹೆಸರಿನಲ್ಲಿ ಒಂದು ಒತ್ತಕ್ಷರ ತಪ್ಪಿತು ಅಂತ ನಮ್ಮ ಗೆಳೆಯನೊಬ್ಬನನ್ನು ಆಫೀಸಿನವರು ಇಡೀ ವರ್ಷ ಓಡಾಡಿಸಿದರು. ಸ್ಕಾಲರ್‌ಶಿಪ್ ಬರಲಿಲ್ಲ, ಮೆಸ್ ಬಿಲ್ ಕಟ್ಟಲಿಲ್ಲ, ಹುಡುಗ ಊರಿಗೆ ಹೋಗಿ ಗಾರೆ ಕೆಲಸಕ್ಕೆ ನಿಂತ. ಜಾತಿ ಪರಿಶೀಲನಾ ಸಮಿತಿಗಳು ಹೇಗಿರಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1994ರ ಮಾಧುರಿ ಪಾಟೀಲ್ ಪ್ರಕರಣದಲ್ಲಿ, ಅದು ಮೆಡಿಕಲ್ ಸೀಟಿನ ಕೇಸು. ವಿಚಾರಣೆ ಎರಡು ತಿಂಗಳೊಳಗೆ ಮುಗಿಯಲಿ ಎಂದು ಅಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ನಮ್ಮ ಹುಡುಗನಿಗೆ ಕಾಗದ ಸರಿಹೋಗುವ ತನಕ ಅನ್ನವಿಲ್ಲ. ಸಂಸದರಿಗೆ ಕಾಗದ ಸರಿಹೋಗುವ ತನಕ ಕುರ್ಚಿ, ಸಂಬಳ, ಬಂಗಲೆ.

ದೂರದ ಅಸ್ಸಾಮು ನಮಗ್ಯಾಕೆ ಅನ್ನಬೇಡಿ. ನಮ್ಮ ಮುಳಬಾಗಿಲು ಇದೆಯಲ್ಲ. ಅದು ವಿಧಾನಸಭೆಯ ಮಾತು, ಆದರೆ ನಡೆದದ್ದು ಅದೇ. 2013ರಲ್ಲಿ ಆ ಪರಿಶಿಷ್ಟ ಜಾತಿ ಮೀಸಲು ಕ್ಷೇತ್ರದಿಂದ ಪಕ್ಷೇತರರಾಗಿ ಗೆದ್ದವರು ಬುಡಗ ಜಂಗಮರಲ್ಲ ಎಂದು ಹೈಕೋರ್ಟ್ ಹೇಳಿದ್ದು 2018ರಲ್ಲಿ, ಐದು ವರ್ಷ ಮುಗಿಯುತ್ತ ಬಂದಾಗ. ಆ ಸಲವೂ ಅಲ್ಲಿ ಗೆದ್ದದ್ದು ಇನ್ನೊಬ್ಬ ಪಕ್ಷೇತರ, ಎಚ್. ನಾಗೇಶ್. 2019ರ ಒಂದೇ ವರ್ಷದಲ್ಲಿ ಎದುರುಬದುರಿನ ಎರಡು ಸರ್ಕಾರಗಳಲ್ಲಿ ಮಂತ್ರಿಯಾದರು. ಗೆದ್ದ ಪಕ್ಷೇತರ ಯಾವುದೇ ಪಕ್ಷ ಸೇರಿದರೆ ಸದಸ್ಯತ್ವ ಹೋಗುತ್ತೆ ಅಂತ 1985ರ ಪಕ್ಷಾಂತರ ನಿಷೇಧ ಕಾಯಿದೆ ಹೇಳುತ್ತೆ. ಸೇರುವ ಹಾಗಿಲ್ಲ, ಬೆಂಬಲ ಕೊಡಬಹುದು. ಒಳಗೆ ಕಾಲಿಡದೆ ಹೊಸಿಲ ಮೇಲೆ ಕೂತು ಊಟ ಮಾಡಿದ ಹಾಗೆ.

ಹಾಗಾದರೆ ತಪ್ಪು ಯಾರದು? ಪಕ್ಷೇತರರದು ಅಂದುಬಿಟ್ಟರೆ ಪಕ್ಷದವರಿಗೆ ಖುಷಿಯಾಗುತ್ತೆ. ಪಕ್ಷದ ಅಭ್ಯರ್ಥಿಗೆ ಒಬ್ಬ ಸೂಚಕ ಸಾಕು, ಪಕ್ಷೇತರನಿಗೆ ಹತ್ತು ಜನ ಬೇಕು. ಪಕ್ಷದ ಗುರುತು ಅಜ್ಜಿಗೂ ಗೊತ್ತು, ಪಕ್ಷೇತರನ ಗುರುತು ಓಟಿಗೆ ಎರಡು ವಾರವಿರುವಾಗ ಸಿಗುತ್ತೆ. 1957ರಲ್ಲಿ 42 ಪಕ್ಷೇತರರು ಲೋಕಸಭೆಗೆ ಹೋಗಿದ್ದರು, 2024ರಲ್ಲಿ ಹೋದದ್ದು 7 ಜನ. ದಾರಿ ಕಿರಿದಾಗಿದೆ, ಮಾಡಿದವರು ಪಕ್ಷಗಳವರೇ.

ನಮ್ಮ ಮಾತು ಬೇರೆ. ಮೀಸಲು ಕ್ಷೇತ್ರದಲ್ಲಿ ನಿಲ್ಲುವವನು ನಮ್ಮವನಾಗಿರಬೇಕು, ಆದರೆ ಅವನನ್ನು ಆರಿಸುವವರು ಎಲ್ಲರೂ. ಈ ಗಂಟು ಬಿದ್ದದ್ದು 1932ರ ಸೆಪ್ಟೆಂಬರ್ 24ರಂದು, ಯರವಾಡ ಜೈಲಿನಲ್ಲಿ. ಬಾಬಾಸಾಹೇಬರು ಕೇಳಿದ್ದು ಪ್ರತ್ಯೇಕ ಮತದಾನ. ಗಾಂಧಿಯವರ ಉಪವಾಸದ ಒತ್ತಡದಲ್ಲಿ ಸಿಕ್ಕಿದ್ದು ಹೆಚ್ಚಿನ ಸೀಟು, ಜಂಟಿ ಮತದಾನ. ಆ ಒಪ್ಪಂದದಲ್ಲೂ ಒಂದು ಬೇಲಿ ಇತ್ತು. ಮೊದಲು ನಮ್ಮ ಜನರೇ ಓಟು ಹಾಕಿ ನಾಲ್ಕು ಜನರನ್ನು ಆರಿಸಬೇಕು, ಆಮೇಲೆ ಆ ನಾಲ್ವರಲ್ಲಿ ಒಬ್ಬನನ್ನು ಎಲ್ಲರೂ ಆರಿಸಬೇಕು. ಸಂವಿಧಾನ ಬರುವ ಹೊತ್ತಿಗೆ ಆ ಬೇಲಿ ಇರಲಿಲ್ಲ. 1952ರ ಜನವರಿಯಲ್ಲಿ ಬಾಂಬೆ ಉತ್ತರದಲ್ಲಿ ಬಾಬಾಸಾಹೇಬರನ್ನೇ ಸುಮಾರು 15 ಸಾವಿರ ಓಟಿನಿಂದ ಸೋಲಿಸಿದರು. ಗೆದ್ದವರು ಕಾಂಗ್ರೆಸ್ಸಿನ ನಾರಾಯಣ ಕಾಜ್ರೋಳ್ಕರ್, ಅವರೂ ದಲಿತರೇ.

ಕೋಕ್ರಜಾರಿನಲ್ಲಿ ಸರಣಿಯಾ ಗೆದ್ದದ್ದು ಬೋಡೋ ಅಲ್ಲದವರ ಓಟಿನಿಂದ. ಆ ಸಂತಾಲ, ಆ ಮುಸ್ಲಿಂ ಬಡವ ಓಟು ಹಾಕಿದ್ದು ತಪ್ಪು ಅಂತ ಹೇಳೋಕೆ ನಮ್ಮ ನಾಲಿಗೆ ಏಳುವುದಿಲ್ಲ. ಅವರಿಗೂ ದಿಕ್ಕು ಬೇಕಿತ್ತು. ಆದರೆ ಅವರ ದಿಕ್ಕಿಗಾಗಿ ಬೋಡೋಗಳ ಕುರ್ಚಿ ಹೋಯಿತು. ಇಬ್ಬರು ತುಳಿತಕ್ಕೊಳಗಾದವರ ನಡುವೆ ಒಂದೇ ಕುರ್ಚಿ ಎಸೆದು ಕಿತ್ತಾಡಿ ಅನ್ನುವ ಏರ್ಪಾಡು ಇದು. ಪಕ್ಷೇತರನಾದರೂ ಅವನು ತನ್ನನ್ನು ಗೆಲ್ಲಿಸಿದ ಓಟಿನ ಆಳು. ಮೀಸಲು ಕ್ಷೇತ್ರದಲ್ಲಿ ಆ ಓಟು ಹೆಚ್ಚಿನ ಕಡೆ ನಮ್ಮದಲ್ಲ. ಹೀಗಾಗಿ ಮರಳಿ ಓಟು ಕೇಳೋಕೆ ಬಂದವನು ನಮ್ಮ ಕೇರಿಗೆ ಲೆಕ್ಕ ಒಪ್ಪಿಸುವುದಿಲ್ಲ, ಊರೊಳಗಿನ ಗೌಡನ ಜಗಲಿಯಲ್ಲಿ ಒಪ್ಪಿಸಿ ಬರುತ್ತಾನೆ. ಅವನ ಕೈಯಲ್ಲಿ ಯಾವ ಪಕ್ಷದ ಬಾವುಟ ಇದ್ದರೂ ಅಷ್ಟೆ, ಇಲ್ಲದಿದ್ದರೂ ಅಷ್ಟೆ.

ಎರಡು ವಿಷಯಕ್ಕೆ ನಾವು ಸಭೆಗಳಲ್ಲಿ ಒತ್ತಾಯ ಹಾಕಬೇಕು. ಮೀಸಲು ಕ್ಷೇತ್ರದ ಅಭ್ಯರ್ಥಿಯ ಜಾತಿ ಪರಿಶೀಲನೆ ನಾಮಪತ್ರಕ್ಕೆ ಮೊದಲೇ ಮುಗಿಯಬೇಕು, ವಿದ್ಯಾರ್ಥಿಗೆ ಎಷ್ಟು ಬಿಗಿಯೋ ಅವರಿಗೂ ಅಷ್ಟೇ ಬಿಗಿ. 1932ರ ಆ ಮೊದಲ ಸುತ್ತಿನ ಓಟು ಮತ್ತೆ ಚರ್ಚೆಗೆ ಬರಬೇಕು. ಇದು ಆಗದ ಮಾತು ಅಂತ ನಮ್ಮ ಹಿರಿಯರೇ ಕೆಲವರು ನಗುತ್ತಾರೆ. ನಗಲಿ.

ಕರ್ನಾಟಕದಲ್ಲಿ ಲೋಕಸಭೆಗೆ ಏಳು ಮೀಸಲು ಕ್ಷೇತ್ರಗಳಿವೆ. ಕೋಲಾರ, ಚಿತ್ರದುರ್ಗ, ಚಾಮರಾಜನಗರ, ವಿಜಯಪುರ, ಕಲಬುರಗಿ ಪರಿಶಿಷ್ಟ ಜಾತಿಗೆ. ಬಳ್ಳಾರಿ, ರಾಯಚೂರು ಪರಿಶಿಷ್ಟ ಪಂಗಡಕ್ಕೆ. ಪ್ರತಿ ಹಾಸ್ಟೆಲ್‌ನಿಂದ ಇಬ್ಬರು ಕೂತು, ತಮ್ಮ ಕಡೆಯ ಸಂಸದರು ಲೋಕಸಭೆಯಲ್ಲಿ ಕೇಳಿದ ಪ್ರಶ್ನೆಗಳನ್ನು ತೆಗೆದು ನೋಡಲಿ. ಹಾಸ್ಟೆಲ್, ಸ್ಕಾಲರ್‌ಶಿಪ್, ಭೂಮಿ, ದೌರ್ಜನ್ಯ, ಈ ನಾಲ್ಕರ ಬಗ್ಗೆ ಎಷ್ಟು ಸಲ ಬಾಯಿ ಬಿಟ್ಟಿದ್ದಾರೆ ಎಣಿಸಲಿ. ಎಣಿಸಿದ್ದನ್ನು ಒಂದು ಹಾಳೆಯಲ್ಲಿ ಬರೆದು ಮುಂದಿನ ಸಭೆಗೆ ತನ್ನಿ.