ಹಿಮಕ್ಕೆ ಮುಂಗಡ ಕೊಡಲಾದೀತೆ?

ದೀಪಾವಳಿಯ ಲೆಕ್ಕಪತ್ರಗಳು ಮುಗಿದು ವರ್ತಕರಿಗೆ ತುಸು ಬಿಡುವು ದೊರೆಯುವ ಹೊತ್ತಿಗೆ ಸರಿಯಾಗಿ ಪ್ರವಾಸ ಸಂಸ್ಥೆಗಳ ಬಣ್ಣದ ಕರಪತ್ರಗಳು ಅವರ ಮೇಜಿಗೆ ಬಂದು ಬೀಳುತ್ತವೆ. ಬೆಳ್ಳನೆಯ ಇಳಿಜಾರು, ಅದರ ಮೇಲೆ ಕೆಂಪು ಅಂಗಿ ತೊಟ್ಟು ಜಾರುತ್ತಿರುವ ಮಕ್ಕಳು, ಕೆಳಗೆ ಐದು ರಾತ್ರಿ ಆರು ಹಗಲುಗಳ ದರ. ಒಂದು ಕಾಲಕ್ಕೆ ತಿರುಪತಿ, ಧರ್ಮಸ್ಥಳ, ಹೆಚ್ಚೆಂದರೆ ಊಟಿಗೆ ಸೀಮಿತವಾಗಿದ್ದ ವ್ಯಾಪಾರಿ ಕುಟುಂಬಗಳ ರಜೆ ಇಂದು ಗುಲ್ಮಾರ್ಗ್, ಔಲಿ, ಸೋಲಂಗ್‌ಗಳವರೆಗೆ ಚಾಚಿಕೊಂಡಿದೆ. ಡೀಲರುಗಳನ್ನು ಹಿಮದ ನಾಡಿಗೆ ಕರೆದೊಯ್ಯುವ ಸಣ್ಣ ತಯಾರಕರೂ ಇದ್ದಾರೆ. ದುಡಿದ ಕೈಗಳಿಗೆ ಇಂತಹ ವಿಶ್ರಾಂತಿ ದೊರೆಯುವುದು ಸಂತೋಷದ ಸಂಗತಿಯೇ ಸರಿ.

ಆದರೆ ಒಂದು ವೈಪರೀತ್ಯವನ್ನು ಗಮನಿಸಬೇಕು. ಒಂದು ಟನ್ ಕಚ್ಚಾಮಾಲಿಗೆ ಮೂರು ಕಡೆಯಿಂದ ಕೊಟೇಶನ್ ತರಿಸುವ, ಮಾಲು ಕೈಸೇರಿದ ಮೇಲೆಯೇ ಪೂರ್ಣ ಹಣ ಕೊಡುವ ಉದ್ಯಮಿ, ಈ ರಜೆಯ ವಿಷಯದಲ್ಲಿ ಮಾತ್ರ ಷರತ್ತುಗಳನ್ನು ಓದದೆಯೇ ಇಡೀ ಮೊತ್ತವನ್ನು ಮುಂಗಡವಾಗಿ ತೆತ್ತುಬಿಡುತ್ತಾರೆ. ಅವರು ಕೊಳ್ಳುತ್ತಿರುವುದಾದರೂ ಏನನ್ನು? ಕೊಠಡಿ ಹೋಟೆಲಿನವರ ಕೈಯಲ್ಲಿದೆ, ವಿಮಾನ ವಿಮಾನಸಂಸ್ಥೆಯ ಕೈಯಲ್ಲಿದೆ. ಆದರೆ ಯಾವುದಕ್ಕಾಗಿ ಈ ಪ್ರಯಾಣವೋ ಆ ಹಿಮವು ಯಾರ ಕೈಯಲ್ಲಿಯೂ ಇಲ್ಲ. ಆದ್ದರಿಂದ ಸ್ಕೀಯಿಂಗ್ ಪ್ರವಾಸದ ಯೋಜನೆಯು ಸಾಮಾನ್ಯ ಪ್ರವಾಸದ ಯೋಜನೆಯಂತಿರಲು ಸಾಧ್ಯವಿಲ್ಲ. ಅದು ಅನಿಶ್ಚಿತ ಸರಕಿನ ಖರೀದಿಯಂತೆ ಇರಬೇಕು.

ಸರಕಿನ ಸ್ವರೂಪ

ಗುಲ್ಮಾರ್ಗ್ ಸಮುದ್ರಮಟ್ಟದಿಂದ ಸುಮಾರು 2,650 ಮೀಟರ್ ಎತ್ತರದಲ್ಲಿದೆ. ಶ್ರೀನಗರದಿಂದ ಸುಮಾರು 50 ಕಿಲೋಮೀಟರ್. ಇಲ್ಲಿನ ಗೊಂಡೊಲಾ ಹಗ್ಗದಾರಿಯ ಮೊದಲ ಹಂತ 1998ರಲ್ಲಿ ಆರಂಭವಾಗಿ ಪ್ರವಾಸಿಗರನ್ನು ಕೊಂಗ್ಡೂರಿಗೆ ಒಯ್ಯತೊಡಗಿತು. 2005ರಲ್ಲಿ ತೆರೆದ ಎರಡನೆಯ ಹಂತವು ಅಫರ್ವತ್ ಪರ್ವತದ ಹೆಗಲಿನವರೆಗೆ, ಅಂದರೆ ನಾಲ್ಕು ಸಾವಿರ ಮೀಟರ್‌ಗಳ ಸಮೀಪಕ್ಕೆ, ಕೊಂಡೊಯ್ಯುತ್ತದೆ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಅಧೀನದಲ್ಲಿರುವ ಸ್ಕೀಯಿಂಗ್ ಮತ್ತು ಪರ್ವತಾರೋಹಣ ತರಬೇತಿ ಸಂಸ್ಥೆಯೂ ಇಲ್ಲಿಯೇ ಇದೆ. ಚಳಿಗಾಲದ ಒಲಿಂಪಿಕ್ಸ್‌ಗೆ 2022ರಲ್ಲಿ ಭಾರತದಿಂದ ತೆರಳಿದ ಏಕೈಕ ಸ್ಪರ್ಧಿ ಆರಿಫ್ ಖಾನ್ ಈ ಇಳಿಜಾರುಗಳಲ್ಲಿಯೇ ಕಲಿತವರು. ಅವರ ತಂದೆ ಗುಲ್ಮಾರ್ಗ್‌ನಲ್ಲಿ ಸ್ಕೀ ಸಲಕರಣೆಗಳ ಅಂಗಡಿ ನಡೆಸಿದವರು. ಕರ್ನಾಟಕಕ್ಕೂ ಈ ಹಿಮದೊಡನೆ ನಂಟಿದೆ. 2024ರ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರು ರಾಜ್ಯಕ್ಕೆ ಚಿನ್ನದ ಪದಕಗಳನ್ನು ತಂದದ್ದು ಇದೇ ಗುಲ್ಮಾರ್ಗ್‌ನಿಂದ.

ಆದರೆ ಹಿಮದ ನಡವಳಿಕೆ ಹೇಗಿದೆ? ಡಿಸೆಂಬರ್ 21ರಿಂದ ನಲವತ್ತು ದಿನಗಳ ಕಡುಚಳಿಯ ಅವಧಿಯನ್ನು ಕಾಶ್ಮೀರಿಗಳು ಚಿಲ್ಲೈ ಕಲಾನ್ ಎಂದು ಕರೆಯುತ್ತಾರೆ. ಹಿಮ ಬೀಳಬೇಕಾದ ಕಾಲವಿದು. 2024ರಲ್ಲಿ ಈ ಅವಧಿಯ ಬಹುಭಾಗ ಬರಿದಾಗಿ ಕಳೆಯಿತು. ಜನವರಿಯ ಮಧ್ಯದಲ್ಲಿ ಗುಲ್ಮಾರ್ಗ್‌ನ ಇಳಿಜಾರುಗಳಲ್ಲಿ ಒಣಹುಲ್ಲು ಕಾಣುತ್ತಿತ್ತು. ಸಾಲುಸಾಲಾಗಿ ಬುಕಿಂಗ್‌ಗಳು ರದ್ದಾದವು. ಆ ತಿಂಗಳ ಕೊನೆಯಲ್ಲಿ ಹಿಮ ಬಿದ್ದಿತು. ಫೆಬ್ರುವರಿಯಲ್ಲಿ ಕ್ರೀಡಾಕೂಟವೇ ನಡೆಯಿತು. ಮರುವರ್ಷ, 2025ರ ಫೆಬ್ರುವರಿ 22ರಂದು ಆರಂಭವಾಗಬೇಕಿದ್ದ ಅದೇ ಕ್ರೀಡಾಕೂಟವನ್ನು ಹಿಮದ ಅಭಾವದಿಂದ ಮುಂದೂಡಿ, ಮಾರ್ಚ್ 9ರಿಂದ ನಡೆಸಲಾಯಿತು.

ಈ ಎರಡು ಪ್ರಸಂಗಗಳಲ್ಲಿ ವರ್ತಕರಿಗೆ ಸ್ಪಷ್ಟವಾದ ಪಾಠವಿದೆ. ಎರಡು ಬಾರಿಯೂ ಹಿಮ ಬಾರದೇ ಹೋಗಲಿಲ್ಲ, ತಡವಾಗಿ ಬಂದಿತು. ರದ್ದುಪಡಿಸಿದವರು ಹಣವನ್ನೂ ಹಿಮವನ್ನೂ ಕಳೆದುಕೊಂಡರು. ಮುಂದೂಡಲು ಅವಕಾಶವಿದ್ದವರು ಎರಡನ್ನೂ ಉಳಿಸಿಕೊಂಡರು. ಕ್ರೀಡಾಕೂಟದ ಆಯೋಜಕರೇ ದಿನಾಂಕವನ್ನು ಹಿಮಕ್ಕೆ ಹೊಂದಿಸಿಕೊಂಡಿರುವಾಗ, ಸಾಮಾನ್ಯ ಪ್ರವಾಸಿಗನು ಹಿಮವು ತನ್ನ ದಿನಾಂಕಕ್ಕೆ ಹೊಂದಿಕೊಳ್ಳಲಿ ಎಂದು ನಿರೀಕ್ಷಿಸುವುದು ವಿವೇಕವಲ್ಲ. ಗಾಳಿ ಬಂದಾಗ ತೂರಿಕೊಳ್ಳಬೇಕು. ಗಾಳಿಗೆ ದಿನ ನಿಗದಿ ಮಾಡಲಾಗದು.

ಬೇರೆ ಕಡೆಗೆ ಹೋದರೆ ಈ ತೊಂದರೆಯಿಲ್ಲ ಎಂಬ ವಾದವೂ ಇದೆ. ಔಲಿಯಲ್ಲಿ 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟದ ಸ್ಪರ್ಧೆಗಳು ನಡೆದವು, ನಿಜ. ಆದರೆ 2023ರ ಜನವರಿಯಲ್ಲಿ ಜೋಶಿಮಠದ ನೆಲವೇ ಕುಸಿಯತೊಡಗಿದಾಗ ಅಲ್ಲಿಂದ ಔಲಿಗೆ ಹೋಗುವ ಹಗ್ಗದಾರಿ ನಿಂತಿತು. ಯುರೋಪಿನ ಆಲ್ಪ್ಸ್‌ನಲ್ಲಿಯೂ 2023ರ ಹೊಸವರ್ಷದ ವೇಳೆಗೆ ಅಕಾಲದ ಬಿಸಿಯಿಂದಾಗಿ ತಗ್ಗಿನ ಅನೇಕ ಇಳಿಜಾರುಗಳು ಮುಚ್ಚಿದ್ದವು. ಹೆಚ್ಚು ಹಣ ತೆತ್ತ ಮಾತ್ರಕ್ಕೆ ಅನಿಶ್ಚಿತತೆ ನೀಗುವುದಿಲ್ಲ.

ಕರಾರಿನಲ್ಲಿ ಏನಿರಬೇಕು?

ಈ ಹಿನ್ನೆಲೆಯಲ್ಲಿ ಪ್ರವಾಸ ಸಂಸ್ಥೆಯೊಡನೆ ಚೌಕಾಸಿ ಮಾಡಬೇಕಾದದ್ದು ದರದ ಬಗ್ಗೆ ಅಲ್ಲ, ದಿನಾಂಕದ ಬಗ್ಗೆ. ಎರಡು ಸಾವಿರ ರೂಪಾಯಿ ಕಡಿಮೆ ಮಾಡಿಸಿಕೊಳ್ಳುವುದಕ್ಕಿಂತ, ಅದೇ ಋತುವಿನಲ್ಲಿ ಒಂದು ಬಾರಿ ದಿನಾಂಕ ಬದಲಾಯಿಸುವ ಹಕ್ಕನ್ನು ಬರವಣಿಗೆಯಲ್ಲಿ ಪಡೆಯುವುದು ಎಷ್ಟೋ ಮೇಲು. ಹಣವನ್ನು ಮೂರು ಕಂತುಗಳಾಗಿ ವಿಂಗಡಿಸಿ, ಒಂದು ಭಾಗವನ್ನು ಬುಕಿಂಗ್ ಸಮಯದಲ್ಲಿ, ಒಂದು ಭಾಗವನ್ನು ಹೊರಡುವ ಹದಿನೈದು ದಿನ ಮೊದಲು, ಉಳಿದದ್ದನ್ನು ಸ್ಥಳ ತಲುಪಿದ ಮೇಲೆ ಕೊಡುವಂತೆ ಒಪ್ಪಿಸಬಹುದು. ವಿಮಾನದ ಟಿಕೆಟನ್ನು, ತುಸು ದುಬಾರಿಯಾದರೂ, ದಿನಾಂಕ ಬದಲಿಸಲು ಅವಕಾಶವಿರುವ ದರದಲ್ಲಿಯೇ ಕೊಳ್ಳಬೇಕು. ಮಂಜು ಮತ್ತು ಹಿಮಪಾತದಿಂದ ಶ್ರೀನಗರದ ವಿಮಾನಗಳು ರದ್ದಾಗುವುದು ಚಳಿಗಾಲದಲ್ಲಿ ಅಪರೂಪವಲ್ಲ. ಮರಳುವ ದಿನದ ನಂತರ ಒಂದು ದಿನವನ್ನಾದರೂ ಖಾಲಿ ಇಟ್ಟುಕೊಳ್ಳುವುದು ಲೇಸು. 2025ರ ಜೂನ್‌ನಲ್ಲಿ ಚೆನಾಬ್ ಸೇತುವೆ ಉದ್ಘಾಟನೆಗೊಂಡು ಕತ್ರಾ ಹಾಗೂ ಶ್ರೀನಗರದ ನಡುವೆ ರೈಲು ಓಡತೊಡಗಿರುವುದರಿಂದ ಒಂದು ಬದಲಿ ದಾರಿಯೂ ತೆರೆದಿದೆ.

ದರದಲ್ಲಿ ಏನೇನು ಸೇರಿಲ್ಲ ಎಂಬುದನ್ನು ಕೇಳುವುದು ಇನ್ನೂ ಮುಖ್ಯ. ಹಿಮ ಬಿದ್ದ ದಿನಗಳಲ್ಲಿ ತಂಗ್‌ಮಾರ್ಗ್‌ನಿಂದ ಮೇಲಕ್ಕೆ ಗಾಲಿಗೆ ಸರಪಳಿ ಕಟ್ಟಿದ ವಾಹನವೇ ಬೇಕು. ಅದರ ಬಾಡಿಗೆ ಬಹುತೇಕ ಪ್ರತ್ಯೇಕ. ಸ್ಕೀ, ಬೂಟು, ಹೆಲ್ಮೆಟ್‌ಗಳ ಬಾಡಿಗೆ, ತರಬೇತುದಾರರ ದಿನಗೂಲಿ, ಗೊಂಡೊಲಾ ಟಿಕೆಟ್, ಕೊಠಡಿಯ ಹೀಟರ್ ಇವೆಲ್ಲವೂ ಕರಪತ್ರದ ದೊಡ್ಡ ಅಕ್ಷರಗಳಲ್ಲಿ ಕಾಣುವುದಿಲ್ಲ. ಗಾಳಿ ಜೋರಾದಾಗ ಗೊಂಡೊಲಾ ನಿಲ್ಲುತ್ತದೆ. ಆ ದಿನದ ಟಿಕೆಟ್ ಹಣದ ಗತಿಯೇನು ಎಂಬುದೂ ಮೊದಲೇ ತಿಳಿದಿರಬೇಕು.

ಕಾನೂನಿನ ಆಸರೆ ಇಲ್ಲವೆಂದಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ಸೇವಾ ನ್ಯೂನತೆಯ ಜೊತೆಗೆ ಏಕಪಕ್ಷೀಯವಾದ ಅನುಚಿತ ಕರಾರನ್ನೂ ಪ್ರಶ್ನಿಸಲು ಅವಕಾಶ ಕೊಟ್ಟಿದೆ. ಆದರೆ ಅದೇ ಕಾಯ್ದೆ ವಾಣಿಜ್ಯ ಉದ್ದೇಶಕ್ಕಾಗಿ ಸೇವೆ ಪಡೆದವರನ್ನು ಗ್ರಾಹಕರ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಡೀಲರುಗಳ ಪ್ರವಾಸವನ್ನು ಸಂಸ್ಥೆಯ ಹೆಸರಿನಲ್ಲಿ ಕೊಂಡಾಗ ಈ ತಕರಾರು ಏಳಬಹುದು. ಆದ್ದರಿಂದ ಅಂತಹ ಪ್ರವಾಸಗಳಿಗೆ ಕಾಯ್ದೆಗಿಂತ ಕರಾರೇ ದೊಡ್ಡ ರಕ್ಷಣೆ. ಕುಟುಂಬದ ರಜೆಯ ಮೇಲಿನ ಜಿಎಸ್‌ಟಿಗೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಕೇಳುವಂತಿಲ್ಲ ಎಂಬುದನ್ನೂ ಲೆಕ್ಕಿಗರು ನೆನಪಿನಲ್ಲಿಡಬೇಕು.

ವರ್ತಕರ ಪಂಚಾಂಗ

ದಿನಾಂಕದ ಆಯ್ಕೆಯಲ್ಲಿ ಹಿಮದ ಪಂಚಾಂಗದಷ್ಟೇ ತೆರಿಗೆಯ ಪಂಚಾಂಗವೂ ಮುಖ್ಯ. ಮಾಸಿಕ ರಿಟರ್ನ್ ಸಲ್ಲಿಸುವವರಿಗೆ 11ರಂದು ಜಿಎಸ್‌ಟಿಆರ್-1, 20ರಂದು ಜಿಎಸ್‌ಟಿಆರ್-3ಬಿ ಗಡುವುಗಳಿವೆ. ಮಾರ್ಚ್ 15ರಂದು ಮುಂಗಡ ತೆರಿಗೆಯ ಕೊನೆಯ ಕಂತು. ಅದಾದ ಮೇಲೆ ವರ್ಷಾಂತ್ಯದ ವಸೂಲಿ, ದಾಸ್ತಾನು, ಸಣ್ಣ ಪೂರೈಕೆದಾರರ ಬಾಕಿ. ಮಕ್ಕಳಿದ್ದ ಮನೆಯಲ್ಲಿ ಪರೀಕ್ಷೆಯ ಕಾಲವೂ ಅದೇ. ಇವೆಲ್ಲವನ್ನೂ ಕೂಡಿಸಿ ನೋಡಿದರೆ ಗಣರಾಜ್ಯೋತ್ಸವದ ಮರುದಿನದಿಂದ ಫೆಬ್ರುವರಿ 10ರವರೆಗಿನ ಅವಧಿ ಅತ್ಯಂತ ಅನುಕೂಲ. ಹಿಮ ಕೈಕೊಟ್ಟರೆ ಫೆಬ್ರುವರಿ 21ರ ನಂತರದ ವಾರವನ್ನು ಬದಲಿ ದಿನಾಂಕವಾಗಿ ಮೊದಲೇ ಗುರುತಿಸಿಡಬಹುದು. ಎರಡೂ ಸಲ ಶನಿವಾರ ಭಾನುವಾರಗಳ ಜನಜಂಗುಳಿಯನ್ನು ತಪ್ಪಿಸುವುದು ಒಳಿತು.

ಇನ್ನೊಂದು ಸಣ್ಣ ಸಂಗತಿ ದೊಡ್ಡ ತೊಡಕಾಗಬಲ್ಲದು. ಹೊರರಾಜ್ಯಗಳ ಪ್ರಿಪೇಯ್ಡ್ ಮೊಬೈಲ್ ಸಂಪರ್ಕಗಳು ಜಮ್ಮು ಮತ್ತು ಕಾಶ್ಮೀರದಲ್ಲಿ ಕೆಲಸ ಮಾಡುವುದಿಲ್ಲ, ಪೋಸ್ಟ್‌ಪೇಯ್ಡ್ ಬೇಕು. ಬ್ಯಾಂಕಿನ, ಜಿಎಸ್‌ಟಿಯ ಓಟಿಪಿಗಳೆಲ್ಲ ಮಾಲೀಕರ ಒಂದೇ ಸಂಖ್ಯೆಗೆ ಬರುವ ಸಣ್ಣ ಉದ್ದಿಮೆಯಲ್ಲಿ, ಆ ಸಂಖ್ಯೆ ವಾರವಿಡೀ ಮೂಕವಾದರೆ ಕೂಲಿ ಬಟವಾಡೆಯೇ ನಿಲ್ಲಬಹುದು.

ಮೈಯ ಮೇಲಿನ ಹೊಣೆ

ಸ್ಕೀಯಿಂಗ್ ಎಂಬುದು ಛಾಯಾಚಿತ್ರಕ್ಕೆ ನಿಲ್ಲುವ ವಿನೋದವಲ್ಲ, ಕಲಿಯಬೇಕಾದ ವಿದ್ಯೆ. ಹೊಸಬರು ಗುಲ್ಮಾರ್ಗ್‌ನ ಬಟ್ಟಲಿನಂತಹ ಬಯಲಿನ ಸೌಮ್ಯ ಇಳಿಜಾರುಗಳಲ್ಲಿ ನುರಿತ ತರಬೇತುದಾರರ ಕೆಳಗೆ ಮೂರು ನಾಲ್ಕು ದಿನವಾದರೂ ಕಲಿಯದೆ ಮೇಲಕ್ಕೆ ಹೋಗಕೂಡದು. ಸ್ಕೀಯಿಂಗ್‌ನಲ್ಲಿ ಹೆಚ್ಚಾಗಿ ಪೆಟ್ಟಾಗುವುದು ಮೊಣಕಾಲಿಗೆ. ಎರಡೂ ಪಾದಗಳನ್ನು ಒಂದೇ ಹಲಗೆಗೆ ಬಿಗಿಯುವ ಸ್ನೋಬೋರ್ಡಿಂಗ್‌ನಲ್ಲಿ ಹೊಸಬರ ಮಣಿಕಟ್ಟಿಗೆ. ಹತ್ತು ಜನರ ಕಾರ್ಖಾನೆಯಲ್ಲಿ ಮಾಲೀಕರ ಕಾಲು ಮುರಿದರೆ ಕಾರ್ಖಾನೆಯೂ ಕುಂಟುತ್ತದೆ.

ಅಫರ್ವತ್‌ನ ಎತ್ತರದ ಇಳಿಜಾರುಗಳಲ್ಲಿ 2023ರ ಫೆಬ್ರುವರಿ 1ರಂದು ಹಿಮಕುಸಿತಕ್ಕೆ ಪೋಲೆಂಡಿನ ಇಬ್ಬರು ಬಲಿಯಾದರು. 2024ರ ಫೆಬ್ರುವರಿ 22ರಂದು ರಷ್ಯಾದ ಒಬ್ಬರು ಗುಲ್ಮಾರ್ಗ್‌ನ ಮೇಲ್ಭಾಗದಲ್ಲಿ ಹೀಗೆಯೇ ಪ್ರಾಣ ಕಳೆದುಕೊಂಡರು. ಕಾವಲು ಪಡೆಯ ನಿಗಾ ಇರುವ ಸೀಮೆಯನ್ನು ದಾಟುವುದು ಎಂತಹವರಿಗೂ ಅಪಾಯವೇ ಎಂಬುದನ್ನು ಈ ಸಾವುಗಳು ತೋರಿಸಿವೆ. ಪ್ರಯಾಣ ವಿಮೆಯ ಅನೇಕ ಪಾಲಿಸಿಗಳಲ್ಲಿ ಚಳಿಗಾಲದ ಕ್ರೀಡೆಗಳು ಒಳಗೊಂಡಿರುವುದಿಲ್ಲ. ಹೆಚ್ಚುವರಿ ಕಂತು ಕಟ್ಟಿ ಸೇರಿಸಿಕೊಳ್ಳಬೇಕು. ಹೊರಡುವ ಮೊದಲೇ ವಿಮಾ ಕಂಪನಿಯಿಂದ ಇದನ್ನು ಬರವಣಿಗೆಯಲ್ಲಿ ಖಚಿತಪಡಿಸಿಕೊಳ್ಳುವುದು ಅತ್ಯವಶ್ಯ.

ಎದುರುಬದಿಯ ವ್ಯಾಪಾರಿ

ಇಷ್ಟೆಲ್ಲ ಎಚ್ಚರಿಕೆಗಳ ನಡುವೆ ಮರೆತುಹೋಗುವ ಒಂದು ಮಾತಿದೆ. ಗುಲ್ಮಾರ್ಗ್‌ನಲ್ಲಿ ಬೂಟು ಬಾಡಿಗೆ ಕೊಡುವವನು, ಜಾರುಗಾಡಿ ಎಳೆಯುವವನು, ಕುದುರೆ ನಡೆಸುವವನು, ಕಲಿಸುವವನು, ಹತ್ತು ಕೊಠಡಿಗಳ ವಸತಿಗೃಹದವನು, ಎಲ್ಲರೂ ಸಣ್ಣ ವ್ಯಾಪಾರಿಗಳೇ. ವರ್ಷದ ದುಡಿಮೆಯ ದೊಡ್ಡ ಪಾಲನ್ನು ಅವರು ಎರಡು ಮೂರು ತಿಂಗಳುಗಳಲ್ಲಿ ಗಳಿಸಬೇಕು. 2025ರ ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ ಭಯೋತ್ಪಾದಕರು 26 ಜನರನ್ನು ಕೊಂದ ನಂತರ ಕಣಿವೆಯಾದ್ಯಂತ ಬುಕಿಂಗ್‌ಗಳು ರದ್ದಾದವು. ಕರ್ನಾಟಕದ ಕುಟುಂಬಗಳೂ ತಮ್ಮವರನ್ನು ಕಳೆದುಕೊಂಡ ಆ ಘೋರಕೃತ್ಯದ ಬಳಿಕ ಹಿಂಜರಿದವರನ್ನು ದೂಷಿಸುವಂತಿಲ್ಲ. ಸುರಕ್ಷತೆಯ ವಿಷಯದಲ್ಲಿ ಸರ್ಕಾರದ ಸೂಚನೆಗಳೇ ಅಂತಿಮ. ಆದರೆ ಭಯದಿಂದ ರದ್ದಾದ ಪ್ರತಿಯೊಂದು ಬುಕಿಂಗ್ ಬಡ ಅಂಗಡಿಯವನೊಬ್ಬನ ಲೆಕ್ಕದ ಪುಸ್ತಕವನ್ನೂ ಮುಚ್ಚಿಸಿತು ಎಂಬುದು ಅಷ್ಟೇ ಸತ್ಯ.

ಕನ್ನಡಿಗರಿಗೆ ಇದು ಅಪರಿಚಿತ ಅನುಭವವಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ, ಯಾವ ಹಾನಿಯೂ ಆಗದ ಊರುಗಳ ಹೋಂಸ್ಟೇಗಳೂ ತಿಂಗಳುಗಟ್ಟಲೆ ಖಾಲಿ ಬಿದ್ದಿದ್ದವು. ಅಂದು ಕೊಡಗಿನ ಆತಿಥೇಯರು ಕೇಳಿದ್ದು ದಯೆಯನ್ನಲ್ಲ, ತುಸು ಕಾದು ಬನ್ನಿ ಎಂದು ಮಾತ್ರ. ದಿನಾಂಕ ಬದಲಾವಣೆಯ ಕರಾರು ಕೊಳ್ಳುವವನಿಗೆ ಎಷ್ಟು ಹಿತವೋ ಮಾರುವವನಿಗೂ ಅಷ್ಟೇ ಹಿತ. ಒಬ್ಬನ ಹಣ ಉಳಿಯುತ್ತದೆ, ಇನ್ನೊಬ್ಬನ ಗಿರಾಕಿ ಉಳಿಯುತ್ತಾನೆ. ನಷ್ಟವನ್ನು ಇಬ್ಬರೂ ಹಂಚಿಕೊಳ್ಳುವ ವ್ಯವಹಾರವೇ ಬಾಳುವ ವ್ಯವಹಾರ ಎಂಬುದು ಮಾರುಕಟ್ಟೆಯಲ್ಲಿ ಕೂದಲು ನರೆತವರೆಲ್ಲ ಬಲ್ಲ ಸಂಗತಿ.

ಒಬ್ಬೊಬ್ಬರೇ ಕೇಳಿದಾಗ ಇಂತಹ ಷರತ್ತುಗಳಿಗೆ ಪ್ರವಾಸ ಸಂಸ್ಥೆಗಳು ಒಪ್ಪದಿರಬಹುದು. ಇಪ್ಪತ್ತು ಕುಟುಂಬಗಳು ಒಟ್ಟಾಗಿ ಕೇಳಿದರೆ ಒಪ್ಪದೆ ವಿಧಿಯಿಲ್ಲ. ವಾಣಿಜ್ಯ ಮತ್ತು ಕೈಗಾರಿಕಾ ಮಂಡಳಿಗಳು, ವರ್ತಕರ ಸಂಘಗಳು ತಮ್ಮ ಸದಸ್ಯರಿಗಾಗಿ ಪ್ರವಾಸದ ಮಾದರಿ ಕರಾರುಪತ್ರವೊಂದನ್ನು ಸಿದ್ಧಪಡಿಸಿ, ದಿನಾಂಕ ಬದಲಾವಣೆ, ಕಂತುಗಳ ಪಾವತಿ, ವಿಮೆ ಈ ಮೂರು ಅಂಶಗಳನ್ನು ಅದರಲ್ಲಿ ಸೇರಿಸಿದರೆ ಅದೊಂದು ಉಪಯುಕ್ತ ಸೇವೆಯಾದೀತು. ಹಿಮಕ್ಕೆ ಮುಂಗಡ ಕೊಡಲಾಗದು, ನಿಜ. ಆದರೆ ಹಿಮ ಬೀಳುವವರೆಗೆ ಕಾಯುವ ಹಕ್ಕನ್ನು ಕೊಳ್ಳಬಹುದು. ಬುದ್ಧಿವಂತ ವರ್ತಕನು ಮುಂಗಡ ಕೊಡಬೇಕಾದದ್ದು ಅದಕ್ಕೆ.