ಫಿಂಗರ್ಸ್ ಕ್ರಾಸ್ಡ್

ಜಿಗಣಿಯ ಗ್ರಾನೈಟ್ ಘಟಕದಿಂದ ಪಾಲಿಶ್ ಆದ ಚಪ್ಪಡಿಗಳು ಹೊರದೇಶಕ್ಕೆ ಹೊರಟಿವೆ. ಕೊಂಡವರು ಒಪ್ಪಿದರೆಂಬ ಸುದ್ದಿ ಬರುವ ತನಕ ಕಚೇರಿಯಲ್ಲಿ ಕೇಳಿಬರುವ ಮಾತು ‘ಫಿಂಗರ್ಸ್ ಕ್ರಾಸ್ಡ್’. ಸಂದರ್ಶನ ಮುಗಿಸಿ ಬಂದ ಡಿಪ್ಲೊಮಾ ಹುಡುಗನ ಬಾಯಲ್ಲೂ ಅದೇ. ‘ಬೆರಳು ಅಡ್ಡ ಹಾಕಿದ್ದೇನೆ’ ಎಂದು ಅವನು ಕನ್ನಡದಲ್ಲಿ ಹೇಳಿದರೆ ಅವನ ತಾಯಿ ಬೆರಳಿಗೆ ಏನಾಯಿತೆಂದು ಗಾಬರಿಯಾದಾರು!

ತೋರುಬೆರಳಿನ ಮೇಲೆ ನಡುಬೆರಳನ್ನು ಹಾಯಿಸಿ ಹೆಣೆಯುವುದು ಈ ಮಾತಿನ ಮೂಲ. ಅದು ಶಿಲುಬೆಯ ಗುರುತು, ಕೆಡುಕನ್ನು ದೂರವಿಡುತ್ತದೆ ಎಂಬುದು ಸಾಮಾನ್ಯವಾಗಿ ಕೊಡುವ ವಿವರಣೆ. ಈಗ ‘ಅಂದುಕೊಂಡಂತೆ ಆಗಲಿ’ ಎಂಬಷ್ಟೇ ಅರ್ಥ. ಸಲಿಗೆಯ ಮಾತಾದ್ದರಿಂದ ಗೆಳೆಯನಿಗೆ ಬರೆಯಬಹುದು. ಕೆಲಸದ ಅರ್ಜಿಯಲ್ಲಿ ಸಲ್ಲದು. ಬೆನ್ನ ಹಿಂದೆ ಬೆರಳು ಹೆಣೆದು ಹೇಳಿದ ಸುಳ್ಳು ಸುಳ್ಳಲ್ಲ ಎಂಬುದು ಇಂಗ್ಲಿಷ್ ಮಕ್ಕಳ ಲೆಕ್ಕ. ಜರ್ಮನರು ಇದೇ ಹಾರೈಕೆಗೆ ಹೆಬ್ಬೆರಳನ್ನು ಮುಷ್ಟಿಯಲ್ಲಿ ಒತ್ತಿ ಹಿಡಿಯುತ್ತಾರೆ. ವಿಯೆಟ್ನಾಮಿನಲ್ಲಂತೂ ಬೆರಳು ಹೆಣೆದು ತೋರಿಸುವುದು ಅಸಭ್ಯ ಸನ್ನೆ!

ಕನ್ನಡದಲ್ಲಿ ಇದಕ್ಕೆ ಸಂದರ್ಭಕ್ಕೊಂದು ಮಾತಿದೆ. ‘ಕೆಲಸ ಸಿಕ್ಕೇ ಸಿಗುತ್ತೆ ಬಿಡು’ ಎಂದವರಿಗೆ ‘ನಿಮ್ಮ ಬಾಯಿಗೆ ಸಕ್ಕರೆ ಹಾಕ’ ಎನ್ನುತ್ತೇವೆ. ಆತಂಕ ಹೆಚ್ಚಿದ್ದರೆ ‘ಜೀವ ಕೈಯಲ್ಲಿ ಹಿಡಿದು ಕೂತಿದ್ದೇವೆ’. ಹರಕೆ ಹೊರುವುದು ಇನ್ನೂ ಭಾರದ್ದು. ಕೆಲಸವಾದ ಮೇಲೆ ತೀರಿಸಲೇಬೇಕು. ಬೆರಳು ಹೆಣೆಯಲು ಖರ್ಚಿಲ್ಲ, ತೀರಿಸುವ ಸಾಲವೂ ಇಲ್ಲ.

ಆದರೆ ಅದರಿಂದ ಫಲ ಬದಲಾಗುವುದೇ? 2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಇಡೀ ದೇಶ ಉಸಿರು ಬಿಗಿಹಿಡಿದು ಬೆಂಗಳೂರಿನ ಪೀಣ್ಯದ ಇಸ್ರೋ ಕೇಂದ್ರದತ್ತ ನೋಡುತ್ತಿತ್ತು. ಹಾರೈಕೆಗೆ ಯಾವ ಕೊರತೆಯೂ ಇರಲಿಲ್ಲ. ಆದರೂ ಚಂದ್ರನ ನೆಲ ಮುಟ್ಟುವ ಮೊದಲೇ ವಿಕ್ರಮ್ ಲ್ಯಾಂಡರಿನ ಸಂಪರ್ಕ ಕಡಿದುಹೋಯಿತು. ಆಮೇಲೆ ವಿಜ್ಞಾನಿಗಳು ತಪ್ಪು ಹುಡುಕಿದರು. ಹೊಸ ಲ್ಯಾಂಡರಿನ ಕಾಲುಗಳನ್ನು ಗಟ್ಟಿ ಮಾಡಿದರು, ಇಂಧನ ಹೆಚ್ಚಿಸಿದರು, ಇಳಿಯುವ ಜಾಗವನ್ನು ಹಿಗ್ಗಿಸಿದರು. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3 ಮೆಲ್ಲಗೆ ಇಳಿಯಿತು. ಆ ಸಂಜೆಯೂ ಎಷ್ಟೋ ಜನ ಬೆರಳು ಹೆಣೆದಿದ್ದರು. ತಪ್ಪೇನಿಲ್ಲ. ಕೈಯಿಂದಾಗುವ ಕೆಲಸವನ್ನೆಲ್ಲ ಮುಗಿಸಿದ ಮೇಲೆ ಬೆರಳುಗಳಿಗೆ ಬಿಡುವು ಇದ್ದೇ ಇರುತ್ತದೆ.