ಗಿರಿಧಾಮಗಳಲ್ಲಿ ಎರಡನೆಯ ಮನೆ: ಬೆಲೆ ತೆರುವವರು ಯಾರು?

ಶನಿವಾರ ಬೆಳಿಗ್ಗೆ ಮುಂಬಯಿಯ ಯಾವ ದಿನಪತ್ರಿಕೆಯನ್ನು ತೆರೆದರೂ ಒಂದೆರಡು ಪುಟಗಳ ತುಂಬ ಬೆಟ್ಟದ ಚಿತ್ರಗಳು ಕಾಣಿಸುತ್ತವೆ. ಕರ್ಜತ್, ಖೋಪೋಲಿ, ಲೋಣಾವಳಾ, ಪಂಚಗಣಿ. ಮಂಜು ಮುಸುಕಿದ ಕಣಿವೆ, ಅದರ ಅಂಚಿನಲ್ಲೊಂದು ಕೆಂಪು ಹೆಂಚಿನ ಬಂಗಲೆ, ಮುಂಬಯಿಯಿಂದ ಎರಡೇ ಗಂಟೆಯ ಹಾದಿ ಎಂಬ ಭರವಸೆ. ಮೂವತ್ತು ವರ್ಷಗಳ ಹಿಂದೆ ಇಂತಹ ಜಾಹೀರಾತುಗಳನ್ನು ಮಲಬಾರ್ ಹಿಲ್‌ನವರು ಓದುತ್ತಿದ್ದರು. ಈಗ ಓದುತ್ತಿರುವವರು ಡೊಂಬಿವಲಿ, ಮುಲುಂಡ್, ಗೋರೆಗಾಂವ್, ವಾಶಿಗಳಲ್ಲಿ ನೆಲೆನಿಂತ ನಾವು ನೀವು. ಚಾಳಿನ ಒಂದು ಕೋಣೆಯಲ್ಲಿ ಆರು ಮಂದಿ ಮಲಗಿದ್ದ ತಲೆಮಾರಿನ ಮಕ್ಕಳು ಸ್ವಂತ ಫ್ಲ್ಯಾಟ್ ಕೊಂಡರು, ಅದರ ಸಾಲ ತೀರಿಸಿದರು, ಮಕ್ಕಳನ್ನು ಓದಿಸಿ ದಡ ಸೇರಿಸಿದರು. ಕೈಯಲ್ಲಿ ಭವಿಷ್ಯನಿಧಿಯ ಹಣವಿದೆ. ಬೆಟ್ಟದ ಮೇಲೊಂದು ಮನೆ ಇರಲಿ ಎಂಬ ಆಸೆ ಹುಟ್ಟಿದರೆ ತಪ್ಪೆನ್ನಲಾಗದು.

ಬ್ಯಾಂಕಿನಲ್ಲಿ ಗೃಹಸಾಲದ ಮೇಜಿನ ಎದುರು ಬಹಳ ವರ್ಷ ಕಳೆದಿರುವ ನನಗೆ ಈ ಆಸೆಯ ಪರಿಚಯ ಚೆನ್ನಾಗಿಯೇ ಇದೆ. ಇತ್ತೀಚೆಗೆ ನಮ್ಮ ಕಡೆಯವರೇ ಆದ ದಂಪತಿಗಳು ಕರ್ಜತ್ ಬಳಿಯ ನಿವೇಶನವೊಂದರ ಕಾಗದಪತ್ರ ಹಿಡಿದು ಬಂದರು. ಬಡ್ಡಿ ಎಷ್ಟು, ಮಾಸಿಕ ಕಂತು ಎಷ್ಟು, ನಾವು ಹೋಗದ ವಾರಗಳಲ್ಲಿ ಬಾಡಿಗೆಗೆ ಕೊಟ್ಟರೆ ಏನು ಬಂದೀತು, ಐದು ವರ್ಷದಲ್ಲಿ ಬೆಲೆ ದುಪ್ಪಟ್ಟಾದೀತೇ - ಎಲ್ಲವನ್ನೂ ಕೇಳಿದರು. ನೀರು ಎಲ್ಲಿಂದ ಬರುತ್ತದೆ ಎಂದು ಕೇಳಲಿಲ್ಲ. ಮನೆಯನ್ನು ವರ್ಷವಿಡೀ ನೋಡಿಕೊಳ್ಳುವ ಕಾವಲುಗಾರ ಯಾರು, ಅವನ ಹೆಂಡತಿ ಮಕ್ಕಳು ಎಲ್ಲಿ ವಾಸಿಸುತ್ತಾರೆ ಎಂದು ಅವರೂ ಕೇಳಲಿಲ್ಲ, ನಮ್ಮ ಅರ್ಜಿ ನಮೂನೆಯೂ ಕೇಳುವುದಿಲ್ಲ. ಅವರ ಹುಟ್ಟೂರಿನ ಮನೆಗೆ ಹನ್ನೆರಡು ವರ್ಷಗಳಿಂದ ಬೀಗ ಬಿದ್ದಿದೆಯೆಂಬುದು ಮಾತಿನ ನಡುವೆ ತಿಳಿಯಿತು. ಊರಲ್ಲೊಂದು ಬೀಗ, ಬೆಟ್ಟದಲ್ಲೊಂದು ಬೀಗ!

ಬೆಟ್ಟದ ಮನೆಯ ಲೆಕ್ಕವನ್ನು ಅರಿಯಲು ಮಾಥೇರಾನಿಗಿಂತ ಒಳ್ಳೆಯ ಉದಾಹರಣೆ ನಮ್ಮ ಸಮೀಪದಲ್ಲಿಲ್ಲ. 1850ರಲ್ಲಿ ಠಾಣೆಯ ಕಲೆಕ್ಟರನಾಗಿದ್ದ ಹ್ಯೂ ಮ್ಯಾಲೆಟ್ ಇದನ್ನು 'ಕಂಡುಹಿಡಿದ'ನೆಂದು ಪುಸ್ತಕಗಳು ಹೇಳುತ್ತವೆ. ಅಲ್ಲಿನ ಕಾಡಿನಲ್ಲಿ ಮೊದಲಿನಿಂದಲೂ ಬದುಕಿದ್ದ ಠಾಕರ್, ಕಾತ್ಕರಿ ಜನರಿಗೆ ಅದು ಕಳೆದುಹೋಗಿಯೇ ಇರಲಿಲ್ಲ. ಆಂಗ್ಲರು, ಪಾರ್ಸಿಗಳು, ಬೋಹ್ರಾ ವರ್ತಕರು ಬಂಗಲೆಗಳನ್ನು ಕಟ್ಟಿಸಿದರು. ಆದಮ್‌ಜಿ ಪೀರ್‌ಭಾಯ್ ಹಣ ಹೂಡಿ ಕಟ್ಟಿಸಿದ ಪುಟಾಣಿ ರೈಲು 1907ರಲ್ಲಿ ನೇರಳ್‌ನಿಂದ ಬೆಟ್ಟ ಹತ್ತಿತು. ಮೋಟಾರು ವಾಹನಗಳಿಗೆ ಊರೊಳಗೆ ಪ್ರವೇಶವಿಲ್ಲ. ದಸ್ತೂರಿ ನಾಕಾದಲ್ಲೇ ಕಾರು ನಿಲ್ಲಿಸಬೇಕು. 2003ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರ ಮಾಥೇರಾನ್ ಮತ್ತು ಸುತ್ತಲಿನ ಸುಮಾರು 215 ಚದರ ಕಿಲೋಮೀಟರ್ ಪ್ರದೇಶವನ್ನು ಪರಿಸರ ಸೂಕ್ಷ್ಮ ವಲಯವೆಂದು ಘೋಷಿಸಿತು. ಮರಗಳು ಉಳಿದವು, ಕೆಂಪು ಮಣ್ಣಿನ ದಾರಿ ಉಳಿಯಿತು. ಇವತ್ತು ಲೋಣಾವಳಾದ ವಾಹನ ದಟ್ಟಣೆಯಲ್ಲಿ ಸಿಕ್ಕಿ ನಿಟ್ಟುಸಿರಿಡುವವರು ಮಾಥೇರಾನನ್ನು ಹೊಗಳುವುದು ಈ ಕಾರಣಕ್ಕೆ.

ಆದರೆ ಉಳಿಸಿದ ಬೆಟ್ಟದ ಮೇಲೂ ಬದುಕುವ ಜನರ ಪ್ರಶ್ನೆ ಉಳಿದೇ ಇತ್ತು. ವಾಹನವಿಲ್ಲದ ಊರಿನಲ್ಲಿ ಅಕ್ಕಿಮೂಟೆ, ಗ್ಯಾಸ್ ಸಿಲಿಂಡರ್, ಇಟ್ಟಿಗೆ, ಪ್ರವಾಸಿಯ ಸೂಟ್‌ಕೇಸು - ಎಲ್ಲವೂ ಕುದುರೆಯ ಬೆನ್ನ ಮೇಲೆ ಅಥವಾ ಮನುಷ್ಯನ ತಲೆಯ ಮೇಲೆ ಹೋಗಬೇಕು. ಮನುಷ್ಯರೇ ಮನುಷ್ಯರನ್ನು ಎಳೆಯುವ ಕೈಗಾಡಿಗಳಿಗೆ ಇಲ್ಲಿ 94 ಪರವಾನಗಿಗಳಿದ್ದವು. ವಿದ್ಯುತ್ ಚಾಲಿತ ರಿಕ್ಷಾ ಬೇಕೆಂದು ಕೇಳಿಕೊಂಡವರು ಈ ಗಾಡಿ ಎಳೆಯುವವರೇ. 2022ರಲ್ಲಿ ಸರ್ವೋಚ್ಚ ನ್ಯಾಯಾಲಯದ ಅನುಮತಿಯಂತೆ ಇ-ರಿಕ್ಷಾ ಪ್ರಯೋಗ ಪ್ರಾರಂಭವಾಯಿತು. ಕುದುರೆ ಮಾಲೀಕರು ತಮ್ಮ ಹೊಟ್ಟೆಪಾಡಿನ ಭಯದಿಂದ ವಿರೋಧಿಸಿದರು. ಕೊನೆಗೆ 2025ರ ಆಗಸ್ಟ್‌ನಲ್ಲಿ ನ್ಯಾಯಾಲಯ, ಮನುಷ್ಯ ಎಳೆಯುವ ಗಾಡಿಯನ್ನು ಅಮಾನವೀಯವೆಂದು ಹೇಳಿ, ಆರು ತಿಂಗಳೊಳಗೆ ನಿಲ್ಲಿಸಿ ಆ ಕುಟುಂಬಗಳಿಗೆ ಇ-ರಿಕ್ಷಾ ಒದಗಿಸುವಂತೆ ರಾಜ್ಯಕ್ಕೆ ಆದೇಶಿಸಿತು. ಸ್ವಾತಂತ್ರ್ಯ ಬಂದು 78 ವರ್ಷಗಳಾದ ಮೇಲೂ ಇದು ಮುಂದುವರಿದಿತ್ತು ಎಂಬುದರಲ್ಲಿ, ಆ ಗಾಡಿಯಲ್ಲಿ ಕುಳಿತು ಛಾಯಾಚಿತ್ರ ತೆಗೆಸಿಕೊಂಡ ಮುಂಬಯಿ ಪ್ರವಾಸಿಗರ ಪಾಲೂ ಇದೆ.

ಇನ್ನೊಂದು ಅಂಕಿಯನ್ನು ಗಮನಿಸಿ. 2001ರ ಜನಗಣತಿಯಲ್ಲಿ ಮಾಥೇರಾನಿನ ಜನಸಂಖ್ಯೆ 5,100ಕ್ಕೂ ಹೆಚ್ಚಿತ್ತು. 2011ರಲ್ಲಿ ಅದು 4,400ರ ಆಸುಪಾಸಿಗೆ ಇಳಿಯಿತು. ಪ್ರವಾಸಿಗರೇನೂ ಕಡಿಮೆಯಾಗಲಿಲ್ಲ. ಇದಕ್ಕೆ ಒಂದೇ ಕಾರಣವಿದೆ ಎನ್ನುವುದು ಸರಿಯಾಗದು. ಮೇಲ್ಮಟ್ಟದ ಶಾಲೆ, ಆಸ್ಪತ್ರೆಗಾಗಿ ಕೆಳಗಿಳಿಯುವವರು ಎಲ್ಲ ಗಿರಿಧಾಮಗಳಲ್ಲೂ ಇದ್ದಾರೆ. ಆದರೆ ವಾಸಕ್ಕೆ ಹೊಸ ಕೋಣೆ ಕಟ್ಟಲು ಅವಕಾಶ ತೀರ ಕಡಿಮೆಯಿರುವ, ಇದ್ದ ಕೋಣೆಯನ್ನು ಪ್ರವಾಸಿಗೆ ರಾತ್ರಿ ಲೆಕ್ಕದಲ್ಲಿ ಕೊಟ್ಟರೆ ತಿಂಗಳ ಬಾಡಿಗೆ ನಾಲ್ಕು ದಿನದಲ್ಲಿ ಹುಟ್ಟುವ ಊರಿನಲ್ಲಿ, ದಿನಗೂಲಿಯವನಿಗೆ ಮನೆ ಎಲ್ಲಿ ಸಿಕ್ಕೀತು? ಅವನು ನೇರಳ್‌ನಿಂದ ದಿನವೂ ಹತ್ತಿ ಇಳಿಯುತ್ತಾನೆ.

ಲೋಣಾವಳಾದ ಕಥೆ ಇದಕ್ಕೆ ತಿರುವುಮುರುವು. ಅಲ್ಲಿ ತಡೆಯುವ ನಿಯಮವೂ ಇರಲಿಲ್ಲ, ತಡೆಯುವ ಮನಸ್ಸೂ ಇರಲಿಲ್ಲ. 2002ರಲ್ಲಿ ಮುಂಬಯಿ-ಪುಣೆ ದ್ರುತಗತಿ ಮಾರ್ಗ ಪೂರ್ಣವಾಗಿ ತೆರೆದುಕೊಂಡ ಮೇಲೆ ಎರಡೂ ನಗರಗಳ ಹಣ ಒಂದೇ ಬೆಟ್ಟದ ಮೇಲೆ ಬಂದು ಕೂಡಿತು. ಹೆದ್ದಾರಿಯುದ್ದಕ್ಕೂ ಇಡ್ಲಿ-ದೋಸೆ ಬಡಿಸುವ ನಮ್ಮ ಕರಾವಳಿಯ ಹೋಟೆಲಿಗರನ್ನು ಕೇಳಿ ನೋಡಿ: ಗಿರಾಕಿಗೆ ಕೊರತೆಯಿಲ್ಲ, ಕೆಲಸದ ಹುಡುಗರನ್ನು ಎಲ್ಲಿ ಮಲಗಿಸುವುದೆಂಬುದೇ ಚಿಂತೆ. ಈಜುಕೊಳವಿರುವ ಬಂಗಲೆಗಳ ಸಾಲು ಒಂದೆಡೆ. ಆ ಕೊಳಗಳನ್ನು ತೊಳೆಯುವವರ ಮನೆಗಳಲ್ಲಿ ಬೇಸಿಗೆಯಲ್ಲಿ ಟ್ಯಾಂಕರ್ ನೀರಿನ ಕಾಯುವಿಕೆ ಇನ್ನೊಂದೆಡೆ.

ಬೆಟ್ಟದ ಭೂಮಿ ಬಿಲ್ಡರನ ಕೈಗೆ ಹೇಗೆ ಹೋಗುತ್ತದೆಂಬುದನ್ನೂ ತಿಳಿಯಬೇಕು. ಮಹಾರಾಷ್ಟ್ರದ ಕಾನೂನಿನಂತೆ ಕೃಷಿಕರಲ್ಲದವರು ಸಾಮಾನ್ಯವಾಗಿ ಕೃಷಿಭೂಮಿ ಕೊಳ್ಳುವಂತಿಲ್ಲ. ಆದ್ದರಿಂದಲೇ 'ಎನ್.ಎ.' ಎಂಬ ಎರಡಕ್ಷರಕ್ಕೆ ಇಷ್ಟು ಬೆಲೆ. ಸಾತ್‌ಬಾರಾ ಉತಾರೆಯಲ್ಲಿ ರೈತನ ಹೆಸರಿರುವಾಗ ಎಕರೆಯ ಲೆಕ್ಕದಲ್ಲಿ ಮಾರಾಟವಾದ ನೆಲ, ಕೃಷಿಯೇತರ ಎಂಬ ಆದೇಶ ಬಿದ್ದೊಡನೆ ಚದರ ಅಡಿಯ ಲೆಕ್ಕಕ್ಕೆ ಏರುತ್ತದೆ. ನಡುವಿನ ಲಾಭ ರೈತನಿಗೆ ಸಿಗುವುದು ಅಪರೂಪ. 1996ರಲ್ಲಿ ರಾಜ್ಯ ಸರಕಾರ ಖಾಸಗಿ ಗಿರಿಧಾಮಗಳಿಗಾಗಿಯೇ ವಿಶೇಷ ನಿಯಮಾವಳಿ ತಂದಿತು. ಪುಣೆಯ ಮುಳಶಿ ತಾಲೂಕಿನ ಕಣಿವೆಯಲ್ಲಿ, ವರಸಗಾಂವ್ ಅಣೆಕಟ್ಟಿನ ಹಿನ್ನೀರಿನ ದಡದಲ್ಲಿ ಲವಾಸಾ ತಲೆಯೆತ್ತಿದ್ದು ಈ ಹಾದಿಯಲ್ಲೇ. ಇಟಲಿಯ ಪೊರ್ಟೊಫಿನೊ ಪಟ್ಟಣದ ಮಾದರಿಯ ಬಣ್ಣದ ಕಟ್ಟಡಗಳು ಸಹ್ಯಾದ್ರಿಯ ಮಳೆಗೆ ನಿಂತವು. 2010ರ ನವೆಂಬರಿನಲ್ಲಿ ಕೇಂದ್ರ ಪರಿಸರ ಸಚಿವಾಲಯ ಕಾಮಗಾರಿಗೆ ತಡೆಯೊಡ್ಡಿತು. ವರ್ಷದ ಬಳಿಕ ಷರತ್ತುಗಳೊಡನೆ ಒಪ್ಪಿಗೆ ಬಂತು. 2018ರಲ್ಲಿ ಕಂಪನಿ ದಿವಾಳಿ ಪ್ರಕ್ರಿಯೆಗೆ ಸೇರಿತು. 2023ರ ಜುಲೈಯಲ್ಲಿ 1,814 ಕೋಟಿ ರೂಪಾಯಿಯ ಪುನಶ್ಚೇತನ ಯೋಜನೆಗೆ ನ್ಯಾಯಮಂಡಳಿಯ ಅಂಕಿತ ಬಿದ್ದರೂ ಹಣ ಬಾರದೆ ಅದೂ ನೆರವೇರಲಿಲ್ಲ. ಮನೆ ಕಾದಿರಿಸಿ ಹಣ ಕಟ್ಟಿದವರಲ್ಲಿ ನಮ್ಮಂತಹ ಮಧ್ಯಮವರ್ಗದವರೂ ಇದ್ದರು. ಸಾಲ ಕೊಟ್ಟ ಬ್ಯಾಂಕುಗಳ ಪಾಡೂ ಹೇಳಿಕೊಳ್ಳುವಂತಿಲ್ಲ.

ಇದೇ ಮುಳಶಿಯಲ್ಲಿ 1921ರಲ್ಲಿ ರೈತರು ಸೇನಾಪತಿ ಬಾಪಟರ ನೇತೃತ್ವದಲ್ಲಿ ಸತ್ಯಾಗ್ರಹ ಹೂಡಿದ್ದರು. ಟಾಟಾ ಕಂಪನಿಯ ಅಣೆಕಟ್ಟಿನಲ್ಲಿ ಅವರ ಗದ್ದೆಗಳು ಮುಳುಗಲಿದ್ದವು. ವಿದ್ಯುತ್ತು ಬೇಕಾಗಿದ್ದುದು ಮುಂಬಯಿಗೆ. ಅಂದು ನಗರಕ್ಕೆ ಬೆಳಕು ಬೇಕಿತ್ತು, ಅದಕ್ಕೊಂದು ಸಮರ್ಥನೆಯಾದರೂ ಇತ್ತು. ಇಂದು ಬೇಕಾಗಿರುವುದು ವಾರಾಂತ್ಯ.

ಬೆಟ್ಟದ ಇಳಿಜಾರು ಎಂಥವರ ಪಾಲಿಗೆ ಉಳಿಯುತ್ತದೆ ಎಂಬುದಕ್ಕೆ ಇರ್ಶಾಲ್‌ವಾಡಿಯನ್ನು ನೆನೆಯಬೇಕಾಗುತ್ತದೆ. ಮಾಥೇರಾನಿಗೆ ದೂರವಲ್ಲದ, ಇರ್ಶಾಲ್‌ಗಡದ ಅಡಿಯಲ್ಲಿದ್ದ ಠಾಕರ್ ಆದಿವಾಸಿಗಳ ಆ ಪುಟ್ಟ ವಾಡಿಯ ಮೇಲೆ 2023ರ ಜುಲೈ 19ರ ರಾತ್ರಿ ಗುಡ್ಡ ಕುಸಿಯಿತು. 27 ಶವಗಳು ದೊರೆತವು, 57 ಮಂದಿ ಮಣ್ಣಿನಡಿಯಲ್ಲೇ ಉಳಿದರು. ಅಲ್ಲಿ ಯಾವ ಬಂಗಲೆಯೂ ಇರಲಿಲ್ಲ, ಆದ್ದರಿಂದ ಈ ಸಾವುಗಳನ್ನು ಬಿಲ್ಡರರ ಲೆಕ್ಕಕ್ಕೆ ಬರೆಯುವುದು ಅನ್ಯಾಯ. ಆದರೆ ಸರಿಯಾದ ರಸ್ತೆಯೂ ಇಲ್ಲದೆ ರಕ್ಷಣಾ ಪಡೆಯವರು ಮಳೆಯಲ್ಲಿ ನಡೆದೇ ಹತ್ತಬೇಕಾಯಿತು ಎಂಬುದನ್ನು ನೋಡಿದರೆ, ಬಂಗಲೆ ಇರುವ ಗುಡ್ಡಗಳಿಗೆ ಮಾತ್ರ ರಸ್ತೆ ಹೇಗೆ ತಲುಪುತ್ತದೆ ಎಂಬ ಸಂಶಯ ಏಳದಿರದು.

ಇಷ್ಟಾದರೂ ನಮ್ಮ ತೆರಿಗೆ ನೀತಿ ಎರಡನೆಯ ಮನೆಯನ್ನು ಮುದ್ದಿಸುತ್ತದೆ. 2019ರ ಬಜೆಟ್ಟಿನ ಮೊದಲು ಖಾಲಿ ಬಿದ್ದ ಎರಡನೆಯ ಮನೆಗೆ ಕಾಲ್ಪನಿಕ ಬಾಡಿಗೆಯನ್ನು ಆದಾಯವೆಂದು ಎಣಿಸಿ ತೆರಿಗೆ ಹಾಕಲಾಗುತ್ತಿತ್ತು. ಈಗ ಎರಡು ಮನೆಗಳಿಗೆ ಆ ಕಾಟವಿಲ್ಲ. ಒಂದು ಫ್ಲ್ಯಾಟ್ ಮಾರಿ ಬಂದ ಎರಡು ಕೋಟಿಯವರೆಗಿನ ಲಾಭವನ್ನು, ಜೀವಮಾನದಲ್ಲಿ ಒಮ್ಮೆ, ಎರಡು ಮನೆಗಳಲ್ಲಿ ಹೂಡಿ ತೆರಿಗೆ ಉಳಿಸುವ ಅವಕಾಶವನ್ನೂ ಅದೇ ವರ್ಷ ಕೊಡಲಾಯಿತು. ಮಾಟುಂಗಾದ ಹಳೆಯ ಫ್ಲ್ಯಾಟ್ ಮಾರಿ ಠಾಣೆಯಲ್ಲೊಂದು, ಪಂಚಗಣಿಯಲ್ಲೊಂದು ಕೊಳ್ಳುವ ಲೆಕ್ಕಾಚಾರವನ್ನು ನಾನೇ ಗಿರಾಕಿಗಳಿಗೆ ಕಾಗದದ ಮೇಲೆ ಬಿಡಿಸಿ ತೋರಿಸಿದ್ದೇನೆ. ನಿಯಮಬದ್ಧವಾದ ಲೆಕ್ಕ. ಆ ಫ್ಲ್ಯಾಟಿನ ಹಣದೊಡನೆ ಪಂಚಗಣಿಯ ಶಾಲಾ ಜವಾನನ ಸಂಬಳ ಸ್ಪರ್ಧಿಸಬೇಕಾಗುತ್ತದೆ ಎಂಬುದು ಆ ಕಾಗದದಲ್ಲಿ ಬರುವುದಿಲ್ಲ.

ಹೊರದೇಶಗಳ ಬೆಟ್ಟದೂರುಗಳು ಈ ಸಂಕಟವನ್ನು ನಮಗಿಂತ ಮೊದಲೇ ಕಂಡಿವೆ. ಹಿಮದ ಮೇಲೆ ಜಾರುವ ಆಟಕ್ಕೆ ಹೆಸರಾದ ಸ್ವಿಟ್ಸರ್ಲೆಂಡಿನ ಹಳ್ಳಿಗಳಲ್ಲಿ ವರ್ಷದ ಬಹುಪಾಲು ಕಿಟಕಿ ಮುಚ್ಚಿರುವ ಮನೆಗಳೇ ಹೆಚ್ಚಾದಾಗ, 2012ರ ಮಾರ್ಚ್‌ನಲ್ಲಿ ಅಲ್ಲಿನ ಮತದಾರರು ಅತ್ಯಲ್ಪ ಬಹುಮತದಿಂದ, ಶೇಕಡಾ 50.6ರಷ್ಟು ಮತ ನೀಡಿ, ಯಾವುದೇ ಗ್ರಾಮದಲ್ಲಿ ಎರಡನೆಯ ಮನೆಗಳು ಶೇಕಡಾ 20ನ್ನು ಮೀರಬಾರದೆಂದು ತೀರ್ಮಾನಿಸಿದರು. ಬೆಟ್ಟದ ಗ್ರಾಮಗಳಲ್ಲೇ ಹಲವು ಇದನ್ನು ವಿರೋಧಿಸಿದ್ದವು, ಕಟ್ಟಡದ ಕೆಲಸ ನಿಂತುಹೋಗುವ ಹೆದರಿಕೆಯಿಂದ. ಕೆನಡಾದ ವಿಸ್ಲರ್ ಬೇರೆ ದಾರಿ ಹಿಡಿಯಿತು. ಅಲ್ಲಿನ ಸ್ಥಳೀಯ ಆಡಳಿತ 1997ರಲ್ಲಿ ವಸತಿ ಪ್ರಾಧಿಕಾರವೊಂದನ್ನು ಸ್ಥಾಪಿಸಿ, ಊರಿನಲ್ಲಿ ದುಡಿಯುವವರಿಗೆ ಮಾತ್ರ ಮಾರಬಹುದಾದ, ಮರುಮಾರಾಟದ ಬೆಲೆಗೂ ಮಿತಿಯಿರುವ ಮನೆಗಳನ್ನು ನಿರ್ಮಿಸುತ್ತಾ ಬಂದಿದೆ. 2010ರ ಚಳಿಗಾಲದ ಒಲಿಂಪಿಕ್ಸ್‌ಗಾಗಿ ಕಟ್ಟಿದ ಕ್ರೀಡಾಗ್ರಾಮವೂ ಬಳಿಕ ಸ್ಥಳೀಯರ ವಸತಿಯಾಯಿತು. ವ್ಯಾಂಕೂವರಿನಲ್ಲಿರುವ ಮಕ್ಕಳ ಮನೆಗೆ ಹೋದವರು ವಿಸ್ಲರನ್ನು ನೋಡಿ ಬರುತ್ತಾರೆ. ಹಿಮ ನೋಡಿದಂತೆ ಇದನ್ನೂ ನೋಡಿ ಬಂದರೆ ಒಳ್ಳೆಯದು. ಅಲ್ಲಿಯೂ ಸಮಸ್ಯೆ ಮುಗಿದಿಲ್ಲವೆನ್ನಿ.

ನನ್ನ ಒಲವು ವಿಸ್ಲರ್ ಮಾದರಿಯ ಕಡೆಗೆ. ನಿಷೇಧಗಳು ನಮ್ಮಲ್ಲಿ ಲಂಚದ ದರವನ್ನು ಏರಿಸುವುದೇ ಹೆಚ್ಚು. ಬದಲಾಗಿ, ಹತ್ತು ವಾರಾಂತ್ಯದ ಬಂಗಲೆಗಳ ಬಡಾವಣೆಗೆ ಅನುಮತಿ ಕೊಡುವಾಗ ಅಲ್ಲಿ ದುಡಿಯುವವರಿಗಾಗಿ ಇಷ್ಟು ಮನೆ ಕಟ್ಟಲೇಬೇಕೆಂಬ ಷರತ್ತು, ವರ್ಷದ ಹೆಚ್ಚು ಕಾಲ ಬೀಗ ಬಿದ್ದಿರುವ ಮನೆಗೆ ಹೆಚ್ಚಿನ ಪುರಸಭಾ ತೆರಿಗೆ, ಆ ಹಣ ಅದೇ ಊರಿನ ನೀರು ಮತ್ತು ವಸತಿಗೆ - ಇಷ್ಟನ್ನು ಮಾಡಲು ಕಷ್ಟವಿಲ್ಲ. ಸಾತಾರಾ ಜಿಲ್ಲೆಯ 235 ಹಳ್ಳಿಗಳನ್ನೊಳಗೊಂಡ ನವ ಮಹಾಬಳೇಶ್ವರ ಯೋಜನೆಯ ಕರಡು 2024ರಲ್ಲಿ ಹೊರಬಿದ್ದಾಗ ಚರ್ಚೆಯಾಗಬೇಕಿದ್ದುದು ಇದೇ. ಮಹಾಬಳೇಶ್ವರವೆಂದರೆ ನಮಗೆ ಬರಿಯ ಸ್ಟ್ರಾಬೆರಿಯಲ್ಲ. ವಿಜಾಪುರ, ಬಾಗಲಕೋಟೆಗಳಿಂದ ಬಂದ ನಮ್ಮ ಬಂಧುಗಳ ಹೊಲಗಳಿಗೆ ಹರಿಯುವ ಕೃಷ್ಣೆ ಹುಟ್ಟುವುದು ಅಲ್ಲಿ.

ಕರ್ನಾಟಕ ಇದರಿಂದ ಪಾಠ ಕಲಿತಿದೆ ಎನ್ನಲಾಗದು. 2020ರಲ್ಲಿ ಅಲ್ಲಿನ ಭೂಸುಧಾರಣಾ ಕಾಯಿದೆಯ 79ಎ ಮತ್ತು 79ಬಿ ಕಲಮುಗಳನ್ನು ತೆಗೆದುಹಾಕಿ, ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳುವ ದಾರಿಯನ್ನು ತೆರೆಯಲಾಯಿತು. ಮುಂಬಯಿಯಲ್ಲಿರುವ ನಮಗೆ ಇದು ಊರಿನ ಬಾಗಿಲು ತೆರೆದಂತೆ ಕಂಡಿತು, ಕೆಲವರು ಕೊಂಡದ್ದೂ ಉಂಟು. ಅದೇ ಬಾಗಿಲಿನಿಂದ ಬೆಂಗಳೂರಿನ ಹಣ ಕೊಡಗಿಗೂ ಚಿಕ್ಕಮಗಳೂರಿಗೂ ಇನ್ನಷ್ಟು ಸರಾಗವಾಗಿ ಪ್ರವೇಶಿಸುತ್ತಿದೆ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಜರಿದು ತೋಟ, ಮನೆ, ರಸ್ತೆಗಳನ್ನು ಕಳೆದುಕೊಂಡ ಕೊಡಗು ಅದು.

ಆ ದಂಪತಿಗಳಿಗೆ ನಾನು ಸಾಲ ಬೇಡವೆನ್ನಲಿಲ್ಲ. ಬೇಡವೆನ್ನುವ ಅಧಿಕಾರ ನನ್ನದಲ್ಲ. ಜಾಗ ಪರಿಸರ ಸೂಕ್ಷ್ಮ ವಲಯದೊಳಗಿದೆಯೇ ಎಂಬ ವಲಯ ದಾಖಲೆ ತರಲು ಹೇಳಿದೆ. ಕೃಷಿಯೇತರ ಆದೇಶದ ಮೂಲಪ್ರತಿ ನೋಡಿ, ಬಿಲ್ಡರನ ಬಣ್ಣದ ಪುಸ್ತಕವನ್ನಲ್ಲ ಎಂದೆ. ಒಮ್ಮೆ ಮೇ ತಿಂಗಳಲ್ಲಿ ಹೋಗಿ ಬಾವಿಯನ್ನೂ, ಒಮ್ಮೆ ಜುಲೈಯಲ್ಲಿ ಹೋಗಿ ಗುಡ್ಡವನ್ನೂ ನೋಡಿ ಬನ್ನಿ ಎಂದೆ. ಕೊನೆಗೆ ಕಾವಲುಗಾರನ ವಿಷಯ ಕೇಳಿದೆ. ಯಜಮಾನರು ನಕ್ಷೆಯನ್ನು ಮತ್ತೊಮ್ಮೆ ಬಿಡಿಸಿ ನೋಡಿದರು. ಕಾರು ನಿಲ್ಲಿಸುವ ಸ್ಥಳವಿತ್ತು, ಜನರೇಟರಿಗೆ ಕೋಣೆಯಿತ್ತು, ಅವನಿಗೆ ಕೋಣೆಯಿರಲಿಲ್ಲ. "ಬಿಲ್ಡರನನ್ನು ಕೇಳಿ ಹೇಳುತ್ತೇನೆ ಸರ್" ಎಂದು ಕಡತ ಮಡಚಿಕೊಂಡು ಎದ್ದರು.